ಅಪ್‌ಡೇಟ್: ಅಡ್ಡ ಪುಟದ ಸ್ಟೇಪಲ್ ತಪ್ಪು ಮೂಲೆಗೆ ಬೀಳುತ್ತಿದ್ದ ಸಮಸ್ಯೆ ಬಗೆಹರಿದಿದೆ

ತುಮಕೂರಿನ ನಮ್ಮ ಮುದ್ರಣ ಅಂಗಡಿಯಲ್ಲಿ ಲ್ಯಾಂಡ್‌ಸ್ಕೇಪ್ ಪ್ರಾಜೆಕ್ಟ್ ವರದಿಗಳಿಗೆ ಐಪಿಪಿ (ಕಂಪ್ಯೂಟರಿನಿಂದ ಪ್ರಿಂಟರಿಗೆ ನೆಟ್‌ವರ್ಕಿನಲ್ಲಿ ಮುದ್ರಣದ ಆದೇಶ ಕಳುಹಿಸುವ ಮಾನದಂಡ) ಮೂಲಕ ಮೇಲಿನ ಎಡಮೂಲೆಯ ಸ್ಟೇಪಲ್ ಕೇಳಿದರೆ ಪಿನ್ನು ಮೇಲಿನ ಬಲಮೂಲೆಗೆ ಬೀಳುತ್ತಿದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಡ್ರೈವರ್ ಮರುಸ್ಥಾಪನೆಯಿಂದಾಗಲಿ, ಟ್ರೇಯಲ್ಲಿ ಕಾಗದ ತಿರುಗಿಸಿ ಇಡುವುದರಿಂದಾಗಲಿ ಪ್ರಯೋಜನವಾಗಲಿಲ್ಲ. ಫಲ ಕೊಟ್ಟದ್ದು ಮಾನದಂಡದ ಮೂಲಪಾಠವನ್ನೇ ಓದಿ ಎಂಬ ಸಲಹೆ. ಐಪಿಪಿಯನ್ನು ವಿವರಿಸುವ 2000ದ ದಾಖಲೆ ಆರ್‌ಎಫ್‌ಸಿ 2911ರ ಪ್ರಕಾರ, ದಾಖಲೆ ಅಡ್ಡವಾಗಿದ್ದರೂ ಸ್ಟೇಪಲ್‌ನ ಮೂಲೆಯನ್ನು ಪೋರ್ಟ್ರೇಟ್ (ಉದ್ದವಾಗಿ ನಿಂತ) ಹಾಳೆಯನ್ನು ಆಧರಿಸಿಯೇ ಹೇಳಬೇಕು. ಲ್ಯಾಂಡ್‌ಸ್ಕೇಪ್ ಎಂದರೆ ಚಿತ್ರವನ್ನು ಅಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಿದ್ದು ಎಂದಿರುವುದರಿಂದ, ಓದುವಾಗಿನ ಮೇಲಿನ ಎಡಮೂಲೆಗೆ ಕೆಳಗಿನ ಎಡಮೂಲೆಯ ಮೌಲ್ಯವನ್ನು, ಅಂದರೆ 20ರ ಬದಲು 21 ಅನ್ನು, ಕಳುಹಿಸಬೇಕು. ಹಾಗೆ ಕಳುಹಿಸಿದ ಕೂಡಲೇ ಪಿನ್ನು ಸರಿಯಾದ ಮೂಲೆಗೆ ಬಂತು.

ನನಗೆ ಅಚ್ಚರಿಯೆನಿಸಿದ್ದು ಫೈಲಿಗೆ ಹಾಕಲು ಹೊಡೆಯುವ ರಂಧ್ರಗಳ ವಿಷಯ. ಐಪಿಪಿಯಲ್ಲಿ ಅವುಗಳ ಸ್ಥಾನದ ಅಳತೆಗಳು ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿರುತ್ತವೆ. ಕಾಗದದ ರಂಧ್ರಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 838ರಂತೆ 80 ಮಿ.ಮೀ. ಅಂತರದ ಎರಡು ರಂಧ್ರಗಳು ಎ4 ಹಾಳೆಯ ಉದ್ದನೆಯ ಅಂಚಿನಲ್ಲಿ 10850 ಮತ್ತು 18850ರಲ್ಲಿ, ಅಂಚಿನಿಂದ 1200 ಒಳಗೆ ಬರುತ್ತವೆ. ಯಾವ ತುದಿಯಿಂದ ಎಣಿಸಿದರೂ ಇವೇ ಸಂಖ್ಯೆಗಳು ಸಿಗುವುದರಿಂದ, ರಂಧ್ರ ಸರಿಯಾಗಿ ಬಿದ್ದಿದೆ ಎಂಬ ಮಾತ್ರಕ್ಕೆ ಎಣಿಕೆಯ ಆರಂಭಬಿಂದು ಸರಿಯಿದೆ ಎಂದು ನಂಬಬೇಡಿ. ದಯವಿಟ್ಟು ಒಂದೇ ಮೂಲೆಯ ಸ್ಟೇಪಲ್‌ನಿಂದಲೇ ಪರೀಕ್ಷಿಸಿ.