ಮೂತ್ರಕೋಶದ ಆಪರೇಷನ್ ಆದವರಿಗೆ ಕ್ರಾನ್‌ಬೆರ್ರಿ ಮಾತ್ರೆ ಕೆಲಸ ಮಾಡುತ್ತಾ?

ಶಹಾಬಾದ್‌ನವ:
ಟಿಬಿ ಬಂದು ನನ್ನ ಮೂತ್ರಕೋಶ ಕುಗ್ಗಿ ನಿಂಬೆಹಣ್ಣಿನಷ್ಟಾಗಿತ್ತು. ಟಿಬಿ ಮಾತ್ರೆ ಮುಗಿದ ಮೇಲೆ ಹೈದರಾಬಾದ್‌ನಲ್ಲಿ ಸಣ್ಣ ಕರುಳಿನ ತುಂಡು ತೆಗೆದು, ಅದನ್ನು ಮೂತ್ರಕೋಶಕ್ಕೆ ಹೊಲಿದು ದೊಡ್ಡದು ಮಾಡಿದರು. ಈಗ ರಾತ್ರಿ ನಿದ್ದೆ ಬರುತ್ತದೆ. ಬಸ್ಸಿನಲ್ಲಿ ಕಲಬುರಗಿಗೆ ಹೆದರಿಕೆ ಇಲ್ಲದೆ ಹೋಗಿಬರುತ್ತೇನೆ. ಆದರೆ ತಾನಾಗಿ ಪೂರ್ತಿ ಖಾಲಿಯಾಗುವುದಿಲ್ಲ. ನಾಲ್ಕು ತಾಸಿಗೊಮ್ಮೆ ನಾನೇ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ಹಾಕಿಕೊಳ್ಳಬೇಕು. ಕಲ್ಲು ಪಾಲಿಶ್ ಮಾಡುವ ಕಡೆ ಲೆಕ್ಕ ಬರೆಯುವ ಕೆಲಸ ನನ್ನದು. ಅಲ್ಲಿನ ಬಾತ್‌ರೂಮಿನ ಕಥೆ ಕೇಳಬೇಡಿ.

ತೊಂದರೆ ಇಷ್ಟೇ: ಯಾವಾಗ ಮೂತ್ರದ ಕಲ್ಚರ್ (ಬ್ಯಾಕ್ಟೀರಿಯಾ ಪರೀಕ್ಷೆ) ಮಾಡಿಸಿದರೂ ಇ. ಕೋಲೈ ಬ್ಯಾಕ್ಟೀರಿಯಾ ಅಂತ ಬರುತ್ತದೆ. ಜ್ವರ ಇಲ್ಲ, ನೋವಿಲ್ಲ. ಮೆಡಿಕಲ್‌ನವರು ಕ್ರಾನ್‌ಬೆರ್ರಿ ಕ್ಯಾಪ್ಸೂಲ್ ಕೊಟ್ಟು, "ನ್ಯಾಚುರಲ್ ಅದ, ತಗೊಳ್ರಿ" ಅಂದರು. ಅವ್ವ ಬಾರ್ಲಿ ನೀರು ಸಾಕು ಅನ್ನುತ್ತಾಳೆ. ಬರೀ ಉರಿಮೂತ್ರಕ್ಕೆ ತಗೊಂಡವರಲ್ಲ, ಇದೇ ಆಪರೇಷನ್ ಆದವರು ಯಾರಾದರೂ ಹೇಳಿ.

ಬೀದರ್ ತಾಯಿ:
ಅಣ್ಣಾರೆ, ನಮ್ಮ ಹುಡುಗನಿಗೆ ಹುಟ್ಟಿನಿಂದಲೇ ಬೆನ್ನುಹುರಿ ತೊಂದರೆ. ಅವನಿಗೂ ಕರುಳು ಹಾಕಿ ಇದೇ ಆಪರೇಷನ್ ಆಗಿದೆ. ಕ್ರಾನ್‌ಬೆರ್ರಿ ಕೊಟ್ಟು ನೋಡಿದೆವು, ರಿಪೋರ್ಟ್ ಬದಲಾಗಲಿಲ್ಲ. ಡಾಕ್ಟರ್ ಹೇಳಿದ್ದು: ಕ್ಯಾಥೆಟರ್ ಹಾಕುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ, ಜ್ವರ ಇಲ್ಲದಾಗ ಸುಮ್ನೆ ಆಂಟಿಬಯೋಟಿಕ್ ಕೊಟ್ಟರೆ ಮುಂದೆ ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಈಗ ಜ್ವರ, ಪಕ್ಕೆನೋವು, ರಕ್ತ, ಇಲ್ಲ ಇದ್ದಕ್ಕಿದ್ದಂತೆ ಜಾಸ್ತಿ ಸೋರಿಕೆ ಕಂಡರೆ ಮಾತ್ರ ಕಲ್ಚರ್.

ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಸಲೈನ್ ಹಾಕಿ ತೊಳೆಯುವುದು. ಮೂತ್ರಕೋಶಕ್ಕೆ ಹೊಲಿದರೂ ಕರುಳು ಕರುಳೇ ಅಲ್ವಾ, ಲೋಳೆ ಬಿಡುತ್ತಲೇ ಇರುತ್ತದೆ. ಆ ಲೋಳೆ ನಿಂತರೆ ಸೋಂಕು, ಆಮೇಲೆ ಕಲ್ಲು. ನಿಮಗೆ ತೊಳೆಯಲು ಹೇಳಿದ್ದಾರಾ?

ಯಾದಗಿರಿ ಫಾರ್ಮಸಿ:
ನಾನು ಕ್ರಾನ್‌ಬೆರ್ರಿ ಮಾರುವವನೇ, ಆದರೂ ಹೇಳುತ್ತೇನೆ. ಅದರಲ್ಲಿ ಪಿಎಸಿ ಅನ್ನುವ ಅಂಶವಿದೆ. ಇ. ಕೋಲೈ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳದಂತೆ ಅದು ತಡೆಯುತ್ತದೆ ಅಂತ ಲೆಕ್ಕ. ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. 2023ರಲ್ಲಿ ಕೊಕ್ರೇನ್ ಅನ್ನುವ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಸಂಸ್ಥೆಯವರು 50 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಪದೇಪದೇ ಸೋಂಕಾಗುವ ಹೆಂಗಸರಿಗೆ, ಮಕ್ಕಳಿಗೆ ಉಪಯೋಗ ಕಂಡಿತು. ನರದ ತೊಂದರೆಯಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದ ದೊಡ್ಡವರಿಗೆ ಉಪಯೋಗ ಕಾಣಲಿಲ್ಲ. ನಿಮ್ಮದು ನರದ ತೊಂದರೆಯಲ್ಲ, ಆದರೆ ಉಳಿಯುವ ಮೂತ್ರದ ವಿಷಯದಲ್ಲಿ ನೀವು ಈ ಗುಂಪಿಗೇ ಹತ್ತಿರ. ಹಾಗಾಗಿ ನಾನಾದರೆ ದುಡ್ಡು ಹಾಕುವುದಿಲ್ಲ.

ತಗೊಳ್ಳಲೇಬೇಕು ಅಂದರೆ ಡಬ್ಬಿಯ ಮೇಲೆ ಪಿಎಸಿ ಎಷ್ಟು ಅಂತ ನೋಡಿ. ಸಾಮಾನ್ಯವಾಗಿ ಹೇಳುವುದು ದಿನಕ್ಕೆ 36 ಮಿ.ಗ್ರಾಂ. ದೊಡ್ಡಕ್ಷರದಲ್ಲಿ ಬರೆದ 400 ಮಿ.ಗ್ರಾಂ ಬರೀ ಹಣ್ಣಿನ ಸಾರದ ತೂಕ, ಎರಡೂ ಬೇರೆ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ತಗೊಳ್ಳುವವರು, ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಹಾಂ, ಸಂತೆಯ ಕವಳಿ ಹಣ್ಣು ಕ್ರಾನ್‌ಬೆರ್ರಿ ಅಲ್ಲ. ಅದನ್ನು ಉಪ್ಪಿನಕಾಯಿ ಹಾಕಿ.

ಶಹಾಬಾದ್‌ನವ:
ನನ್ನ ಡಬ್ಬಿಯ ಮೇಲೆ ಪಿಎಸಿ ಮಾತೇ ಇಲ್ಲ! ಮುಗಿದ ಮೇಲೆ ಮತ್ತೆ ತರುವುದಿಲ್ಲ. ಅಕ್ಕಾರೆ, ತೊಳೆಯಲು ಹೇಳಿದ್ದಾರೆ, ಮಾಡುತ್ತಿದ್ದೇನೆ. ಆದರೆ ಬೇಸಿಗೆಯಲ್ಲಿ ಲೋಳೆ ದಪ್ಪ ಆಗಿ ಕ್ಯಾಥೆಟರ್ ಕಟ್ಟಿಕೊಳ್ಳುತ್ತದೆ. ನಿಮ್ಮಲ್ಲೂ ಹೀಗಾ?

ಬೀದರ್ ತಾಯಿ:
ನೀರು ಕಡಿಮೆಯಾದ ದಿನ ಹಾಗೇ. ನಮ್ಮವನ ಶಾಲೆ ಚೀಲದಲ್ಲಿ ಎರಡು ಬಾಟಲಿ ಕಳಿಸುತ್ತೇನೆ. ಕ್ಯಾಥೆಟರ್ ಸೈಜ್ ಒಂದು ನಂಬರ್ ದಪ್ಪದ್ದು ಹಾಕಬಹುದಾ ಅಂತ ನಿಮ್ಮ ಡಾಕ್ಟರನ್ನೂ ಕೇಳಿ. ನಮಗೆ ಹಾಗೆ ಬದಲಿಸಿದ ಮೇಲೆ ಕಟ್ಟುವುದು ಕಡಿಮೆಯಾಯಿತು.