"ಹೊಟ್ಯಾಗ ಹಾಕ್ಕೋ": ನಿಮ್ಮ ಕಡೆಯೂ ಹೀಗೆ ಅಂತಾರಾ?

ಔರಾದ್‌ದಾಕಿ:
ನಮಸ್ಕಾರ. ಹೋದ ವಾರ ಮಗನನ್ನು ಕರೆದುಕೊಂಡು ಔರಾದ್ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ನಮ್ಮಪ್ಪ, ಕಾಕಾ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಹೊಲದ ಬದುವಿನ ಜಗಳ. ಅವತ್ತು ಸಂಜೆ ಕಾಕಾ ಒಂದು ಚೀಲ ಸೀತನಿ (ಎಳೆ ಜೋಳದ ಕಾಳು) ಹಿಡಿದು ಬಂದರು. ಕಟ್ಟೆ ಮೇಲೆ ಕೂತು, ತಲೆ ಎತ್ತದೆ, "ಅಣ್ಣಾ, ತಪ್ಪಾಗ್ಯಾದ. ಹೊಟ್ಯಾಗ ಹಾಕ್ಕೋ" ಅಂದರು. ಅಪ್ಪ ತುಸು ಹೊತ್ತು ಸುಮ್ನೆ ಇದ್ದು, "ಊಟ ಮಾಡೇ ಹೋಗು" ಅಂದರು. ಅಷ್ಟೇ. ಒಳಗೆ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮಗ ಬೆಂಗಳೂರಲ್ಲಿ ಮೂರನೇ ಕ್ಲಾಸು. ಸೀತನಿ ತಿನ್ನು ಅಂತ ಕಾಕಾ ಹೇಳಿದರು ಅಂದುಕೊಂಡಿದ್ದ. ಕ್ಷಮಿಸು ಅಂತ ಅರ್ಥ ಅಂದೆ. "ಅದಕ್ಕೆ ಹೊಟ್ಟೆ ಯಾಕೆ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ನೀವಾದರೆ ಏನು ಹೇಳ್ತೀರಿ? ಹೊಟ್ಟೆಯ ಮಾತು ಇನ್ನೇನಿವೆ?

ಬಸವಕಲ್ಯಾಣದವ:
ಅಂತಾರೆ ಅಕ್ಕಾ, ಬರೀ ಕನ್ನಡದಲ್ಲಲ್ಲ. ನಮ್ಮವ್ವನ ತವರು ಉದಗೀರ್. ಅಲ್ಲಿ ಮರಾಠಿಯಲ್ಲೂ ತಪ್ಪಾದಾಗ 'ಪೋಟಾತ್ ಘಾಲಾ' ಅಂತಲೇ ಕೇಳಿಕೊಳ್ಳುತ್ತಾರೆ. ಪೋಟ್ ಅಂದರೆ ಹೊಟ್ಟೆ. ನುಂಗಿದ್ದು ಮತ್ತೆ ಬಾಯಿಗೆ ಬರಬಾರದು ಅಲ್ವಾ, ಅದಕ್ಕೇ ಹೊಟ್ಟೆ ಅಂತ ನಾನು ತಿಳಿದಿದ್ದೇನೆ. ಗುಟ್ಟು ಇಡುವುದೂ ಅಲ್ಲೇ. 'ಆಕಿ ಹೊಟ್ಯಾಗ ಮಾತು ನಿಲ್ಲಲ್ಲ' ಅಂತೀವಲ್ಲ.

ನನಗೆ ಹತ್ತಿರದ್ದು 'ಹೊಟ್ಟೆ ಬಟ್ಟೆ ಕಟ್ಟಿ'. ನನ್ನ ಐಟಿಐ ಫೀಸಿಗಾಗಿ ಅವ್ವ ಎರಡು ವರ್ಷ ಹೊಸ ಸೀರೆ ಉಡಲಿಲ್ಲ. ರಾತ್ರಿ ಒಂದೇ ರೊಟ್ಟಿಗೆ ಕೈ ತೊಳೆಯುತ್ತಿದ್ದಳು. ಇದಕ್ಕೆ ಮರಾಠಿಯವರು ಹೊಟ್ಟೆಗೆ ಚಿವುಟಿಕೊಂಡರು ಅಂತಾರೆ. ನಮ್ಮ ಓಣಿಯ ಉರ್ದು ಮಾತಿನವರು 'ಪೇಟ್ ಕಾಟ್ ಕೇ', ಅಂದರೆ ಹೊಟ್ಟೆ ಕೊಯ್ದುಕೊಂಡು ಅಂತಾರೆ. ಯಾವ ಭಾಷೆಯಲ್ಲಿ ಕೇಳಿದರೂ ನನಗೆ ಅವ್ವನ ಆ ಒಂದು ರೊಟ್ಟಿಯೇ ಕಾಣುತ್ತದೆ.

ಸೇಡಂ ಮಾಸ್ತರ:
ನಮ್ಮ ಕಡೆ ತೆಲುಗಿನ ನೆರೆ. ಅವರಿಗೆ ಹೊಟ್ಟೆ ಅಂದರೆ ಪೊಟ್ಟ. ಹಳಗನ್ನಡದ ಎಷ್ಟೋ 'ಪ' ನಮ್ಮಲ್ಲಿ 'ಹ' ಆಗಿದೆ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಪೊಟ್ಟೆ ಹೊಟ್ಟೆಯಾಗಿದ್ದೂ ಹಾಗೆಯೇ.

ತಾಂಡೂರ್ ಕಡೆಯಿಂದ ಬರುವ ಒಬ್ಬ ಅಜ್ಜಿ ಬಸುರಿಯಾಗಿದ್ದ ನನ್ನ ಮಗಳ ತಲೆ ಮುಟ್ಟಿ, 'ಕಡುಪು ಚಲ್ಲಗಾ ಉಂಡಾಲಿ' ಅಂದರು. ಕಡುಪು ಅಂದರೂ ಹೊಟ್ಟೆಯೇ. ನಾವು 'ನಿನ್ನ ಹೊಟ್ಟೆ ತಣ್ಣಗಿರಲಿ' ಅಂತೀವಲ್ಲ, ಅದೇ ಮಾತು. ನಮ್ಮ ಸೀಮೆಯ ಬಿಸಿಲು ಗೊತ್ತಲ್ಲ. ಇಲ್ಲಿ ತಣ್ಣಗಿರು ಅನ್ನುವುದಕ್ಕಿಂತ ದೊಡ್ಡ ಹಾರೈಕೆ ಇಲ್ಲ.

ಔರಾದ್‌ದಾಕಿ:
ಮಾಸ್ತರ್ರೇ, ತಣ್ಣಗೆ ಅಂದ ಕೂಡಲೇ ಇನ್ನೊಂದು ನೆನಪಾಯಿತು. ತೊಗರಿ ಹೊಲದಲ್ಲಿ ನೀರು ನಿಂತು ಗಿಡ ಹಳದಿ ಆಗಿದ್ದ ಫೋಟೊ ಅಪ್ಪ ಕಳಿಸಿದ್ದರು. 'ಹೊಟ್ಟೆ ಉರಿಯಿತು' ಅಂತ ಗೆಳತಿಗೆ ಹೇಳಿದೆ. "ಯಾರನ್ನ ನೋಡಿ?" ಅಂದಳು. ಆಕೆಗೆ ಅದು ಹೊಟ್ಟೆಕಿಚ್ಚು ಮಾತ್ರ. ನಮ್ಮ ಮನೆಯಲ್ಲಿ ಅದನ್ನು ಸಂಕಟಕ್ಕೇ ಜಾಸ್ತಿ ಅನ್ನುವುದು.

ಮಗನ ಪ್ರಶ್ನೆಯನ್ನು ನಿನ್ನೆ ಅಮ್ಮನಿಗೂ ಫೋನಿನಲ್ಲಿ ಕೇಳಿದೆ. "ಇಬ್ಬರೂ ಒಂದೇ ಹೊಟ್ಯಾಗ ಹುಟ್ಟಿದೋರು. ಮತ್ತೆಲ್ಲಿ ಹಾಕ್ಕೋಬೇಕು?" ಅಂದಳು. ಕಾಕಾ ಈಗ ದಿನಾ ಸಂಜೆ ಕಟ್ಟೆಗೆ ಬರುತ್ತಾರಂತೆ.