ಸಹಾಯ ಬೇಕು: ಅಪ್ಪನ ಹಪ್ಪಳದ ಯಂತ್ರಕ್ಕೆ ಪೇಟೆಂಟ್

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಹಲಸಿನ ಹಪ್ಪಳ ಮಾಡಲು ಅಪ್ಪ ಮೂರು ವರ್ಷ ಕೂತು ಒಂದು ಯಂತ್ರ ಕಟ್ಟಿದ್ದಾರೆ. ಹಪ್ಪಳ ಒತ್ತುವ ಯಂತ್ರ ಪೇಟೆಯಲ್ಲಿ ಬೇಕಾದಷ್ಟಿವೆ. ಆದರೆ ಹಲಸಿನ ಹಿಟ್ಟಿಗೆ ಅಂಟು ಜಾಸ್ತಿ. ಹಾಳೆಯಿಂದ ಬಿಡಿಸುವಾಗಲೇ ಹರಿದುಹೋಗುತ್ತದೆ. ಅಪ್ಪನ ಯಂತ್ರದಲ್ಲಿ ಹರಿಯುವುದಿಲ್ಲ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ತಪ್ಪು ತಿಳಿಯಬೇಡಿ. ಅರ್ಜಿ ಹಾಕುವ ಮೊದಲೇ ಬಹಿರಂಗವಾದರೆ ಪೇಟೆಂಟ್‌ಗೆ ಬೇಕಾದ ಹೊಸತನವೇ ಹೋಗುತ್ತದೆ ಅಲ್ವಾ?

ನನ್ನ ಭಯವೂ ಅದೇ. ಹೋದ ತಿಂಗಳು ಊರಿನ ಹಲಸಿನ ಮೇಳದಲ್ಲಿ ಯಂತ್ರ ಓಡಿಸಿ ತೋರಿಸಿದ್ದೇವೆ. ಒಳಗಿನ ಭಾಗ ಮುಚ್ಚಿತ್ತು. ಯಾರೋ ವಿಡಿಯೋ ಮಾಡಿಕೊಂಡರು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ, ಆಮೇಲೆ 12 ತಿಂಗಳೊಳಗೆ ಅರ್ಜಿ ಹಾಕಲು ವಿನಾಯಿತಿ ಇದೆ, ನಮ್ಮ ಮೇಳ ಅಂಥದ್ದಲ್ಲ. ಇದರಿಂದ ತೊಂದರೆಯಾಗುತ್ತದಾ?

ಈಗ ಚೆನ್ನೈ ಪೇಟೆಂಟ್ ಕಚೇರಿಗೆ ತಾತ್ಕಾಲಿಕ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡುವ ಯೋಚನೆ ಇದೆ. ತಾತ್ಕಾಲಿಕ ಅರ್ಜಿಯಲ್ಲಿ ಚಿತ್ರಗಳನ್ನೂ ಸೇರಿಸಬೇಕಾ? ಆಹಾರ ಯಂತ್ರಗಳಿಗೆ ಅರ್ಜಿ ಬರೆದು ಅನುಭವವಿರುವ, ಕನ್ನಡದಲ್ಲಿ ಮಾತಾಡುವ ಪೇಟೆಂಟ್ ಏಜೆಂಟ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಪ್ಪನಿಗೆ 68 ವರ್ಷ, ಯಂತ್ರದ ಬಗ್ಗೆ ಅವರೇ ಹೇಳಬೇಕು.